ಅಂಗಳದ ಕಂಬದ ದೀಪ ಹಗಲಿನಲ್ಲೂ ಆರುತ್ತಿಲ್ಲ: ಸೆನ್ಸರ್ ನಾನೇ ಬದಲಾಯಿಸಬಹುದೇ?

ಅಂಗಳದ ದೀಪ · ಶನಿವಾರ, ರಾತ್ರಿ 8:40

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂಟಿಮನೆ. ಅಡಿಕೆ ಅಂಗಳದ ಮೂಲೆಯಲ್ಲಿ ಹನ್ನೆರಡು ಅಡಿಯ ಕಬ್ಬಿಣದ ಕಂಬ, ತುದಿಯಲ್ಲಿ 50 ವ್ಯಾಟ್‌ನ ಎಲ್‌ಇಡಿ ಫ್ಲಡ್ ದೀಪ, ದೀಪದ ಪಕ್ಕದಲ್ಲೇ ಕೋಳಿಮೊಟ್ಟೆ ಗಾತ್ರದ ಲೈಟ್ ಸೆನ್ಸರ್. ನಾಲ್ಕು ವರ್ಷ ಅದರ ಕಡೆ ತಲೆಯೆತ್ತಿ ನೋಡುವ ಪ್ರಸಂಗವೇ ಬರಲಿಲ್ಲ. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಮಧ್ಯಾಹ್ನ ನಾಲ್ಕಕ್ಕೇ ಹೊತ್ತಿಕೊಳ್ಳತೊಡಗಿತು. ಈಗ ಹದಿನೈದು ದಿನಗಳಿಂದ ಆರುವುದೇ ಇಲ್ಲ.

ಕೊನೆಕೊಯ್ಲು ಶುರುವಾಗಿದೆ. ರಾತ್ರಿ ಹತ್ತರವರೆಗೂ ಅಂಗಳದಲ್ಲಿ ಅಡಿಕೆ ಸುಲಿಯುವವರಿರುತ್ತಾರೆ, ಆದ್ದರಿಂದ ದೀಪ ಬೇಕೇ ಬೇಕು. ವೈರಿಂಗ್ ಮಾಡುವವರನ್ನು ಮೂರು ಸಲ ಕರೆದೆ, ನಾಳೆ ನಾಳೆ ಎನ್ನುತ್ತಿದ್ದಾರೆ. ಪೇಟೆಯಿಂದ ಹೊಸ ಸೆನ್ಸರ್ ತಂದಿದ್ದೇನೆ. ಅದರಿಂದ ಮೂರು ವೈರ್‌ಗಳು ಹೊರಬಂದಿವೆ: ಕಪ್ಪು, ಬಿಳಿ, ಕೆಂಪು. ಮನೆಯಿಂದ ಕಂಬಕ್ಕೆ ಹೋಗಿರುವುದು ಕೆಂಪು, ಕಪ್ಪು, ಹಸಿರು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ ಉಳಿದ ಬಿಳಿಯನ್ನು ದೀಪಕ್ಕೆ ಕೊಟ್ಟರೆ ಆಯಿತಲ್ಲವೇ? ನಾಳೆ ಭಾನುವಾರ ಬೆಳಿಗ್ಗೆಯೇ ಮಾಡಿ ಮುಗಿಸಬೇಕೆಂದಿದ್ದೇನೆ.

ಹಾಸನದ ವೈರ್‌ಮ್ಯಾನ್ · 8:52

ದಯವಿಟ್ಟು ಹಾಗೆ ಜೋಡಿಸಬೇಡಿ!

ಹಾಸನದ ವೈರ್‌ಮ್ಯಾನ್ · 9:05

ಮೊದಲಿನದನ್ನು ಅವಸರದಲ್ಲಿ ಬರೆದೆ, ಕಾರಣ ಈಗ ಹೇಳುತ್ತೇನೆ. ನಮ್ಮ ಮನೆಗಳ ಹಳೆಯ ಪದ್ಧತಿಯಲ್ಲಿ ಕೆಂಪು ಫೇಸ್ (ವಿದ್ಯುತ್ ತರುವುದು), ಕಪ್ಪು ನ್ಯೂಟ್ರಲ್ (ವಿದ್ಯುತ್ ಮರಳುವುದು), ಹಸಿರು ಅರ್ಥ್ (ನೆಲಕ್ಕೆ ಸೇರುವುದು). ಅಂಗಡಿಯಲ್ಲಿ ಸಿಗುವ ಹೆಚ್ಚಿನ ಸೆನ್ಸರ್‌ಗಳಲ್ಲಿ ಕಪ್ಪು ಎಂದರೆ ಒಳಗೆ ಬರುವ ಫೇಸ್, ಬಿಳಿ ಎಂದರೆ ನ್ಯೂಟ್ರಲ್, ಕೆಂಪು ಎಂದರೆ ದೀಪಕ್ಕೆ ಹೋಗುವ ಫೇಸ್. ಬಣ್ಣ ಅದೇ, ಅರ್ಥ ಪೂರ್ತಿ ಬೇರೆ.

ನೀವು ಹೇಳಿದಂತೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿದರೆ ಸೆನ್ಸರ್‌ನ ಒಂದು ತುದಿಗೆ ಫೇಸ್, ಇನ್ನೊಂದು ತುದಿಗೆ ನ್ಯೂಟ್ರಲ್ ಬರುತ್ತದೆ. ಒಳಗಿನ ಸಂಪರ್ಕ ಕೂಡಿದ ಕ್ಷಣ ಎರಡೂ ನೇರ ಮುಟ್ಟಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಎಂಸಿಬಿ, ಅಂದರೆ ಅಪಾಯವಾದಾಗ ತಾನೇ ಬೀಳುವ ಸ್ವಿಚ್ ಇದ್ದರೆ, ಅದು ಬೀಳುತ್ತದೆ. ಹಳೆಯ ಫ್ಯೂಸಿಗೆ ದಪ್ಪ ತಂತಿ ಸುತ್ತಿದ್ದರೆ ಸೆನ್ಸರ್ ಸಿಡಿಯುತ್ತದೆ, ನೀವು ಆಗ ಏಣಿಯ ಮೇಲಿರುತ್ತೀರಿ. ಇದೇ ತಪ್ಪಿನಿಂದ ಸುಟ್ಟ ಸೆನ್ಸರ್‌ಗಳನ್ನು ನಾನು ವರ್ಷಕ್ಕೆ ನಾಲ್ಕೈದಾದರೂ ಬಿಚ್ಚುತ್ತೇನೆ.

ಸರಿಯಾದ ಜೋಡಣೆ: ಮನೆಯ ಕೆಂಪು ಸೆನ್ಸರ್‌ನ ಕಪ್ಪಿಗೆ. ಮನೆಯ ಕಪ್ಪು ಸೆನ್ಸರ್‌ನ ಬಿಳಿಗೆ, ಜೊತೆಗೆ ದೀಪದ ನ್ಯೂಟ್ರಲ್‌ಗೂ. ಸೆನ್ಸರ್‌ನ ಕೆಂಪು ದೀಪದ ಫೇಸಿಗೆ. ಹಸಿರು ದೀಪದ ಮೈಗೆ ಮತ್ತು ಕಂಬಕ್ಕೆ. ಇಷ್ಟಾದರೂ ಸೆನ್ಸರ್ ಮೇಲೆ ಅಂಟಿಸಿರುವ ಚಿತ್ರ ನೋಡದೆ ಕೈ ಹಾಕಬೇಡಿ. ತಯಾರಕರು ಬದಲಾದರೆ ಬಣ್ಣವೂ ಬದಲಾಗುತ್ತದೆ.

ನ್ಯೂಜೆರ್ಸಿ ಕನ್ನಡತಿ · 9:31

ಈ ಬಣ್ಣಗಳ ಗೊಂದಲದ ಮೂಲ ನಾನಿರುವ ದೇಶದಲ್ಲಿದೆ. ಅಮೆರಿಕದ ಮನೆಗಳಲ್ಲಿ ಕಪ್ಪು ಎಂದರೆ ಫೇಸ್, ಬಿಳಿ ಎಂದರೆ ನ್ಯೂಟ್ರಲ್. ನೀವು ತಂದಿರುವ ಸೆನ್ಸರ್‌ನ ಬಣ್ಣಗಳು ಅದೇ ಲೆಕ್ಕದವು. ಇಲ್ಲಿ ಮನೆ ಮುಂದಿನ ಹುಲ್ಲುಹಾಸಿನಲ್ಲಿ ಆಳೆತ್ತರದ ದೀಪದ ಕಂಬ ನೆಡುವ ರೂಢಿ ಇದೆ, ಸೆನ್ಸರ್ ಕಂಬದ ಮೈಯಲ್ಲಿ ಗುಂಡಿಯಂತೆ ಇಣುಕುತ್ತಿರುತ್ತದೆ. ಕಳೆದ ಚಳಿಗಾಲದಲ್ಲಿ ನಮ್ಮದೂ ಕೆಟ್ಟಿತು. ನಾನೇ ಬದಲಾಯಿಸಿದೆ, ಕಪ್ಪಿಗೆ ಕಪ್ಪು, ಬಿಳಿಗೆ ಬಿಳಿ, ಕೆಂಪು ದೀಪಕ್ಕೆ, ಅರ್ಧ ಗಂಟೆಯ ಕೆಲಸ. ಅದೇ ಧೈರ್ಯದಲ್ಲಿ ಮೈಸೂರಿಗೆ ಬಂದಾಗ ಅಪ್ಪನ ಮನೆಯ ಗೇಟಿನ ದೀಪಕ್ಕೆ ಕೈ ಹಾಕಿ ಇಡೀ ಮನೆ ಕತ್ತಲಾಗಿಸಿದೆ. ಕಪ್ಪು ವೈರ್ ಕಂಡರೆ ನನ್ನ ಕೈ ಈಗಲೂ ಫೇಸ್ ಎಂದೇ ಹೇಳುತ್ತದೆ, ಅಷ್ಟು ಬಲವಾದ ಅಭ್ಯಾಸ ಅದು.

ಇನ್ನೊಂದು ಮಾತು: ಇಲ್ಲಿಂದ ಊರಿಗೆ ಸೆನ್ಸರ್ ತರುವವರು ವೋಲ್ಟೇಜ್ ಓದಿ. 120 ವೋಲ್ಟ್‌ಗೆ ಮಾತ್ರ ಮಾಡಿದ್ದನ್ನು ನಮ್ಮ 230ಕ್ಕೆ ಹಾಕಿದರೆ ಉಳಿಯುವುದಿಲ್ಲ.

ಧಾರವಾಡ ಓಣಿ · 9:40

ಇಷ್ಟೆಲ್ಲ ಏಕೆ? ಸೆನ್ಸರ್ ಕಿತ್ತು ಒಂದು ಸ್ವಿಚ್ ಹಾಕಿಸಿ. ಮಲಗುವಾಗ ಆರಿಸಿ. ಕೆಡುವ ವಸ್ತುವೇ ಇರುವುದಿಲ್ಲ.

ಮುಂಗಾರು ಮನೆ · 9:48

ಒಂಟಿಮನೆಯಲ್ಲಿ ಬದುಕಿದವರಿಗೆ ಆ ಮಾತು ಒಪ್ಪುವುದು ಕಷ್ಟ. ಮನೆಯವರೆಲ್ಲ ಮದುವೆಗೆ ಹೋಗಿ ರಾತ್ರಿ ಬರುವಾಗ ಅಂಗಳದಲ್ಲಿ ದೀಪವಿರಬೇಕು. ನಮ್ಮ ಕಡೆ ಹಾವು ಎಂದರೆ ಮಾತಿಗೆ ಹೇಳುವುದಲ್ಲ. ಸ್ವಿಚ್ ಹಾಕುವವರು ಮನೆಯಲ್ಲೇ ಇಲ್ಲದಾಗಲೂ ದೀಪ ಹೊತ್ತಬೇಕು, ಸೆನ್ಸರ್ ಇರುವುದೇ ಅದಕ್ಕೆ.

ಪಾಲಿಟೆಕ್ನಿಕ್ ಮೇಷ್ಟ್ರು · 10:15

ಬದಲಾಯಿಸುವ ಮೊದಲು ಹಳೆಯದರ ಮೇಲಿನ ಪ್ಲಾಸ್ಟಿಕ್ ಗುಮ್ಮಟವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ನಾಲ್ಕು ಗಂಟೆಗೇ ಹೊತ್ತಿಕೊಳ್ಳುತ್ತಿತ್ತು ಎಂದಿರಲ್ಲ, ನನ್ನ ಕಣ್ಣು ಹೋದದ್ದು ಆ ಮಾತಿನ ಮೇಲೆ. ಬಿಸಿಲಿಗೆ ಗುಮ್ಮಟ ಹಳದಿಯಾಗುತ್ತದೆ, ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ. ಒಳಗಿರುವ, ಬೆಳಕನ್ನು ಗ್ರಹಿಸುವ ಎಲ್‌ಡಿಆರ್‌ಗೆ ಬೆಳಕು ತಲುಪದಿದ್ದರೆ ಹಗಲನ್ನೇ ಸಂಜೆ ಎಂದುಕೊಳ್ಳುತ್ತದೆ. ಎಲ್‌ಡಿಆರ್ ಸಾಮಾನ್ಯವಾಗಿ ಕ್ಯಾಡ್ಮಿಯಂ ಸಲ್ಫೈಡ್‌ನದು. ಬೆಳಕು ಬಿದ್ದರೆ ಅದರ ರೋಧ ಕೆಲವು ನೂರು ಅಥವಾ ಸಾವಿರ ಓಮ್‌ಗಳಿಗೆ ಇಳಿಯುತ್ತದೆ, ಕತ್ತಲಲ್ಲಿ ಹತ್ತು ಲಕ್ಷ ಓಮ್‌ವರೆಗೂ ಏರುತ್ತದೆ. ಆ ಏರಿಳಿತವನ್ನು ನೋಡಿ ರಿಲೇ ಎಂಬ ಒಳಗಿನ ಸ್ವಿಚ್ ದೀಪವನ್ನು ಹೊತ್ತಿಸುತ್ತದೆ, ಆರಿಸುತ್ತದೆ.

ಅಂಗಳದ ದೀಪ · ಭಾನುವಾರ, ಬೆಳಿಗ್ಗೆ 8:20

ವೈರ್‌ಮ್ಯಾನ್ ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಬೆಳಿಗ್ಗೆ ಆರಕ್ಕೇ ಏಣಿ ಇಟ್ಟುಕೊಂಡಿದ್ದೆ, ಫೋನ್ ನೋಡಿದ್ದರಿಂದ ಬಚಾವಾದೆ.

ಗುಮ್ಮಟ ನಿಜಕ್ಕೂ ಹಸಿರುಗಟ್ಟಿತ್ತು, ಒರೆಸಿದೆ. ಐದು ನಿಮಿಷ ಕಾದರೂ ದೀಪ ಆರಲಿಲ್ಲ. ವಿದ್ಯುತ್ ತೆಗೆದು ಮಲ್ಟಿಮೀಟರ್‌ನಲ್ಲಿ ಹಳೆಯ ಸೆನ್ಸರ್‌ನ ಕಪ್ಪು ಮತ್ತು ಕೆಂಪಿನ ನಡುವೆ ಅಳೆದೆ. ಶೂನ್ಯ ಓಮ್. ಸಂಪರ್ಕ ಬೆಸೆದುಹೋಗಿದೆ ಎನ್ನುವುದು ಖಾತ್ರಿಯಾಯಿತಲ್ಲವೇ?

ಪಾಲಿಟೆಕ್ನಿಕ್ ಮೇಷ್ಟ್ರು · 8:34

ಇಲ್ಲ. ಹೊಸದನ್ನೂ ಹಾಗೆಯೇ ಅಳೆದು ನೋಡಿ.

ಅಂಗಳದ ದೀಪ · 8:39

ಹೊಸದೂ ಶೂನ್ಯ! ಅಂಗಡಿಯವರು ಕೆಟ್ಟದ್ದನ್ನು ಕೊಟ್ಟರೇ?

ಪಾಲಿಟೆಕ್ನಿಕ್ ಮೇಷ್ಟ್ರು · 8:55

ಅಂಗಡಿಯವರ ತಪ್ಪಿಲ್ಲ. ಹಲವು ಮಾದರಿಗಳಲ್ಲಿ ವಿದ್ಯುತ್ ಇಲ್ಲದಾಗ ಸಂಪರ್ಕ ಕೂಡಿಯೇ ಇರುತ್ತದೆ. ವಿದ್ಯುತ್ ಬಂದು ಬೆಳಕೂ ಬಿದ್ದಾಗ ಮಾತ್ರ ಅದು ಬೇರ್ಪಡುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ, ಏಕೆಂದರೆ ಸೆನ್ಸರ್ ಸತ್ತರೂ ದೀಪ ಉರಿಯುತ್ತಲೇ ಇರಬೇಕು. ಹಗಲಿನಲ್ಲಿ ಉರಿಯುವ ದೀಪದಿಂದ ದುಡ್ಡು ಹೋಗುತ್ತದೆ, ರಾತ್ರಿ ಉರಿಯದ ದೀಪದಿಂದ ಕಾಲು ಮುರಿಯುತ್ತದೆ. ಹಾಗಾಗಿ ವಿದ್ಯುತ್ ಇಲ್ಲದೆ ಓಮ್ ಅಳೆದರೆ ಏನೂ ತಿಳಿಯುವುದಿಲ್ಲ.

ಸರಿಯಾದ ಪರೀಕ್ಷೆ ಇದು. ಹಗಲಿನಲ್ಲಿ ವಿದ್ಯುತ್ ಕೊಡಿ. ಮೊದಲು ದೀಪ ಹೊತ್ತಿಕೊಂಡು, ಒಂದೆರಡು ನಿಮಿಷದೊಳಗೆ ಸಣ್ಣದೊಂದು ಟಿಕ್ ಸದ್ದಿನೊಂದಿಗೆ ಆರಬೇಕು. ಆಮೇಲೆ ಗುಮ್ಮಟಕ್ಕೆ ಕಪ್ಪು ಟೇಪ್ ಸುತ್ತಿದರೆ ಮತ್ತೆ ಹೊತ್ತಬೇಕು. ತಕ್ಷಣ ಆಗಲಿಲ್ಲವೆಂದು ಗಾಬರಿಯಾಗಬೇಡಿ. ಮಿಂಚಿಗೂ ಜೀಪಿನ ಬೆಳಕಿಗೂ ಮೋಸಹೋಗದಿರಲೆಂದು ಅದರಲ್ಲಿ ವಿಳಂಬ ಇಟ್ಟಿರುತ್ತಾರೆ. ನಿಮ್ಮ ಹಳೆಯದು ಒರೆಸಿದ ಮೇಲೂ ಐದು ನಿಮಿಷದಲ್ಲಿ ಆರಲಿಲ್ಲ, ಆದ್ದರಿಂದ ಅದು ಕೆಟ್ಟಿರುವುದು ನಿಜ. ತೀರ್ಪು ಸರಿಯಾಗಿತ್ತು, ಸಾಕ್ಷಿ ತಪ್ಪಾಗಿತ್ತು.

ಅಮ್ಮನ ಮನೆ ಮೈಸೂರು · 9:10

ಕಂಬ ಹತ್ತುವ ಮೊದಲು ನನ್ನ ಮಾತನ್ನು ಓದಿ. ನಿಮ್ಮಲ್ಲಿ ಯುಪಿಎಸ್ ಇದೆಯೇ? ಮಲೆನಾಡಿನಲ್ಲಿ ಇಲ್ಲದ ಮನೆ ಕಡಿಮೆ. ಅಂಗಳದ ದೀಪವನ್ನು ಯುಪಿಎಸ್ ಲೈನಿಗೆ ಸೇರಿಸಿದ್ದರೆ ಮುಖ್ಯ ಎಂಸಿಬಿ ಇಳಿಸಿದರೂ ಕಂಬದಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ನನ್ನ ತಂದೆಯವರಿಗೆ ಆದದ್ದು ಇದೇ. ಮೇನ್ ಆರಿಸಿದ್ದೇನೆ ಎಂಬ ಪೂರ್ಣ ನಂಬಿಕೆಯಿಂದ ಸ್ಟೂಲ್ ಹತ್ತಿದರು, ಶಾಕ್ ಹೊಡೆದು ಬಿದ್ದು ಸೊಂಟದ ಮೂಳೆ ಮುರಿಯಿತು. ಆರು ತಿಂಗಳು ಹಾಸಿಗೆ ಹಿಡಿದರು. ಅವರು ಮೂವತ್ತು ವರ್ಷ ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ಕೆಲಸ ಮಾಡಿದವರು, ಗೊತ್ತಿಲ್ಲದವರಲ್ಲ.

ಯುಪಿಎಸ್ ಅನ್ನೂ ಆರಿಸಿ. ವೈರ್ ಬಿಚ್ಚಿದ ಮೇಲೆ ಮುಟ್ಟುವ ಮೊದಲು ಟೆಸ್ಟರ್ ಇಡಿ. ಆ ಟೆಸ್ಟರ್ ಸರಿಯಿದೆಯೇ ಎಂದು ವಿದ್ಯುತ್ ಇರುವ ಕಡೆ ಮೊದಲೇ ನೋಡಿಕೊಂಡಿರಿ. ಅಲ್ಯೂಮಿನಿಯಂ ಏಣಿ ಬೇಡ, ಅದರಲ್ಲೂ ಮೇಲೆ ಸರ್ವಿಸ್ ವೈರ್ ಹಾದುಹೋಗಿದ್ದರೆ ಖಂಡಿತ ಬೇಡ. ಕೆಳಗೆ ಒಬ್ಬರು ಏಣಿ ಹಿಡಿದು ನಿಂತಿರಲಿ.

ಹಾಸನದ ವೈರ್‌ಮ್ಯಾನ್ · 9:16

ಇವರು ಹೇಳಿದ್ದನ್ನು ಎರಡು ಸಲ ಓದಿ. ಒಣಗಿದ ಬಿದಿರಿನ ಏಣಿ ಒಳ್ಳೆಯದು. ಬೆಳಗಿನ ಇಬ್ಬನಿಯಲ್ಲಿ ನೆನೆದಿದ್ದರೆ ಅದೂ ಬೇಡ, ಬಿಸಿಲೇರಲಿ.

ಅಂಗಳದ ದೀಪ · 9:20

ಯುಪಿಎಸ್ ಇದೆ. ಅಂಗಳದ ದೀಪ ಅದರ ಮೇಲೆಯೇ ಇದೆ. ಇದು ನನಗೆ ಹೊಳೆದೇ ಇರಲಿಲ್ಲ. ಬೆಳಿಗ್ಗೆ ಮೇನ್ ಇಳಿಸಿ ಏಣಿಯ ಮೇಲೆ ಅಳತೆ ಮಾಡುವಾಗ ಕರೆಂಟ್ ಹೋಗಿ ಯುಪಿಎಸ್‌ನ ಚಾರ್ಜೂ ಮುಗಿದಿತ್ತು, ಅದೊಂದೇ ಕಾರಣಕ್ಕೆ ನನಗೆ ಏನೂ ಆಗಲಿಲ್ಲ. ಈಗ ಎರಡನ್ನೂ ಆರಿಸಿ ಮಗನನ್ನು ಕೆಳಗೆ ನಿಲ್ಲಿಸಿಕೊಂಡು ಹತ್ತುತ್ತೇನೆ.

ಸೇವಂತಿಗೆ ತೋಟ · 11:02

ಚಿಕ್ಕಬಳ್ಳಾಪುರದ ಕಡೆಯವನು. ದೀಪದ ವಿಷಯವಾದ್ದರಿಂದ ಬರೆಯುತ್ತಿದ್ದೇನೆ. ಕಾಂಪೌಂಡ್ ದೀಪದ ಕೆಳಗೆ ಸೇವಂತಿಗೆ ಕುಂಡ ಇಟ್ಟು ಹೂವೇ ಬಿಡುತ್ತಿಲ್ಲ ಎನ್ನುವವರು ಇಲ್ಲಿ ಯಾರಾದರೂ ಇದ್ದಾರೆಯೇ? ಗೊಬ್ಬರ ಹಾಕುವ ಮೊದಲು ದೀಪವನ್ನು ನೋಡಿ. ಸೇವಂತಿಗೆಗೆ ಮೊಗ್ಗು ಕಟ್ಟಲು ಉದ್ದವಾದ, ಎಡೆಬಿಡದ ಕತ್ತಲು ಬೇಕು. ನಾವು ಹೊಲದಲ್ಲಿ ಸಾಲಾಗಿ ಬಲ್ಬ್ ಕಟ್ಟಿ ರಾತ್ರಿ ಬೆಳಕು ಕೊಡುವುದೇ ಹೂವನ್ನು ತಡೆಹಿಡಿಯಲು. ಗಿಡ ಎತ್ತರಕ್ಕೆ ಬೆಳೆಯುವವರೆಗೆ ಬೆಳಕು, ಆಮೇಲೆ ನಿಲ್ಲಿಸಿದರೆ ಹಬ್ಬದ ಲೆಕ್ಕಕ್ಕೆ ಮೊಗ್ಗು. ಅದಕ್ಕೆ ನಾವು ಬಳಸುವುದು ಟೈಮರ್, ಸೆನ್ಸರ್ ಅಲ್ಲ, ಏಕೆಂದರೆ ನಮಗೆ ಬೇಕಾದದ್ದು ರಾತ್ರಿಯ ಕೆಲವು ಗಂಟೆ ಮಾತ್ರ.

ನ್ಯೂಜೆರ್ಸಿ ಕನ್ನಡತಿ · 11:20

ನಮ್ಮ ಕಂಬದ ಬುಡದಲ್ಲಿರುವ ಸೇವಂತಿಗೆ ಪಕ್ಕದ ಮನೆಯವರದಕ್ಕಿಂತ ಪ್ರತಿ ವರ್ಷ ತಡವಾಗಿ ಅರಳುತ್ತದೆ. ಮಣ್ಣಿನ ದೋಷವೆಂದು ಎರಡು ಸಲ ಮಣ್ಣನ್ನೇ ಬದಲಾಯಿಸಿದ್ದೆ!

ತಾರೆ ನೋಡುವವನು · 11:41

ಹಾಗಾದರೆ ರಾತ್ರಿಯಿಡೀ ದೀಪ ಉರಿಸುವುದೇ ತಪ್ಪು ಎಂದು ನಾನು ಹೇಳುತ್ತೇನೆ. ಗಿಡಕ್ಕೂ ಹುಳಕ್ಕೂ ನಕ್ಷತ್ರಕ್ಕೂ ಕತ್ತಲು ಬೇಕು. ನಮ್ಮೂರಿನಲ್ಲಿ ಹತ್ತು ವರ್ಷಗಳ ಹಿಂದೆ ಮಳೆಗಾಲದ ಮೊದಲು ಬೇಲಿ ತುಂಬ ಮಿಂಚುಹುಳ ಕಾಣುತ್ತಿದ್ದವು, ಈಗ ದೀಪ ಇಲ್ಲದ ಹಳ್ಳದ ಬದಿಗೆ ಹೋದರೆ ಮಾತ್ರ. ದೀಪಕ್ಕೆ ಮೇಲಿನಿಂದ ತಗಡಿನ ಟೋಪಿ ಹಾಕಿ, ಬೆಳಕು ನೆಲಕ್ಕಷ್ಟೇ ಬೀಳಲಿ. ಹತ್ತು ಗಂಟೆಯ ನಂತರ ಚಲನೆ ಕಂಡಾಗ ಮಾತ್ರ ಹೊತ್ತುವ ಸೆನ್ಸರ್ ಇಡಿ.

ಮುಂಗಾರು ಮನೆ · 11:50

ಟೋಪಿ ಒಪ್ಪುತ್ತೇನೆ. ಚಲನೆಯ ಸೆನ್ಸರ್ ಒಪ್ಪುವುದಿಲ್ಲ. ನಮ್ಮಲ್ಲಿ ಹಾಕಿ ನೋಡಿದ್ದೇವೆ. ನಾಯಿ, ಬೆಕ್ಕು, ಕೊಟ್ಟಿಗೆಯ ಕರು, ಎಲ್ಲದಕ್ಕೂ ಹೊತ್ತಿ ಆರಿ ರಾತ್ರಿಯೆಲ್ಲ ಕಣ್ಣಿಗೆ ಹೊಡೆಯುತ್ತಿತ್ತು.

ಧಾರವಾಡ ಓಣಿ · 12:05

ನನ್ನ ಸ್ವಿಚ್ಚಿನ ಮಾತು ಹಿಂತೆಗೆದುಕೊಳ್ಳುತ್ತೇನೆ. ಆದರೆ ಟೈಮರ್ ಏಕಾಗಬಾರದು? ಸಂಜೆ ಆರಕ್ಕೆ ಹೊತ್ತಲಿ, ಬೆಳಿಗ್ಗೆ ಆರಕ್ಕೆ ಆರಲಿ.

ಪಾಲಿಟೆಕ್ನಿಕ್ ಮೇಷ್ಟ್ರು · 12:22

ಕರ್ನಾಟಕದಲ್ಲಿ ಸೂರ್ಯಾಸ್ತ ವರ್ಷದಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಓಡಾಡುತ್ತದೆ. ಬೆಂಗಳೂರಿನಲ್ಲಿ ನವೆಂಬರ್‌ನಲ್ಲಿ ಆರಕ್ಕೆ ಮೊದಲೇ ಮುಳುಗುತ್ತದೆ, ಜುಲೈನಲ್ಲಿ 6:45 ದಾಟುತ್ತದೆ. ಸಾದಾ ಟೈಮರನ್ನು ಆಗಾಗ ತಿದ್ದಬೇಕು. ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ತಾನೇ ಲೆಕ್ಕ ಹಾಕುವ ಖಗೋಳ ಟೈಮರ್‌ಗಳಿವೆ, ಅವು ಒಳ್ಳೆಯವು, ಬೆಲೆ ಜಾಸ್ತಿ. ಆದರೆ ಆಷಾಢದ ಮಧ್ಯಾಹ್ನ ಮೂರಕ್ಕೆ ಆಗುಂಬೆಯ ಮೇಲೆ ಮೋಡ ಕವಿದು ಕತ್ತಲಾದರೆ ಟೈಮರ್‌ಗೆ ತಿಳಿಯುವುದಿಲ್ಲ, ಸೆನ್ಸರ್‌ಗೆ ತಿಳಿಯುತ್ತದೆ.

ಹಳೆ ಬೆಂಗಳೂರು · 12:40

ಮನೆಯ ದೀಪಕ್ಕೆ ಇಷ್ಟು ಕಾಳಜಿ, ಬೀದಿಯ ದೀಪದ ಬಗ್ಗೆ ಯಾರೂ ಕೇಳುವುದಿಲ್ಲವಲ್ಲ! ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿತು. ಅಂಥ ನಾಡಿನಲ್ಲಿ ನಮ್ಮ ಬಡಾವಣೆಯ ಒಂದು ಸಾಲು ದೀಪಗಳು ಎರಡು ತಿಂಗಳಿಂದ ಹಗಲೂ ಉರಿಯುತ್ತಿವೆ. ದೂರು ಕೊಟ್ಟರೆ ಬೇರೆ ವಿಭಾಗಕ್ಕೆ ಹೇಳಿ ಎನ್ನುತ್ತಾರೆ. ನಾಚಿಕೆಯಾಗುತ್ತದೆ.

ಹಾಸನದ ವೈರ್‌ಮ್ಯಾನ್ · 12:58

ಒಂದು ಸಾಲು ಪೂರ್ತಿ ಉರಿಯುತ್ತಿದ್ದರೆ ಒಂದೊಂದು ಕಂಬದ ದೋಷವಲ್ಲ. ಆ ಸಾಲಿಗೆಲ್ಲ ಒಂದೇ ನಿಯಂತ್ರಣ ಪೆಟ್ಟಿಗೆ ಇರುತ್ತದೆ, ಅದರೊಳಗಿನ ಕಾಂಟ್ಯಾಕ್ಟರ್ (ದೊಡ್ಡ ಹೊರೆಯ ವಿದ್ಯುತ್ ಸ್ವಿಚ್) ಅಂಟಿಕೊಂಡಿರಬಹುದು, ಇಲ್ಲವೇ ಟೈಮರ್ ಕೆಟ್ಟಿದೆಯೆಂದು ಯಾರೋ ನೇರ ಲೈನ್ ಕೊಟ್ಟಿರಬಹುದು. ದೂರಿನಲ್ಲಿ ಪೆಟ್ಟಿಗೆಯ ಸಂಖ್ಯೆ ಬರೆಯಿರಿ, ಕಂಬದ ಸಂಖ್ಯೆಯಲ್ಲ. ನೀವಾಗಿ ಮಾತ್ರ ಮುಟ್ಟಬೇಡಿ.

ಲೆಕ್ಕದ ಮನುಷ್ಯ · 1:15

ಮನೆಯ ದೀಪಕ್ಕೂ ಲೆಕ್ಕ ಬೇಕು. 50 ವ್ಯಾಟ್ ದೀಪ ಹಗಲು ಹನ್ನೆರಡು ಗಂಟೆ ಸುಮ್ಮನೆ ಉರಿದರೆ ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18. ಗೃಹಜ್ಯೋತಿಯಲ್ಲಿರುವವರಿಗೆ ಈ 18 ಸಣ್ಣದಲ್ಲ. 200 ಯೂನಿಟ್‌ನ ಗಡಿಯ ಹತ್ತಿರ ಇರುವ ಮನೆ ಈ ಒಂದು ದೀಪದಿಂದಲೇ ಗಡಿ ದಾಟಿ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಅಂಗಳದ ದೀಪ · ಭಾನುವಾರ, ರಾತ್ರಿ 7:30

ಜೋಡಿಸಿದೆ. ಹಗಲಿನಲ್ಲಿ ಮೇಷ್ಟ್ರು ಹೇಳಿದಂತೆಯೇ ಹೊತ್ತಿ, ಟಿಕ್ ಎಂದು ಆರಿತು. ಮನೆಯವರೆಲ್ಲ ಅಂಗಳಕ್ಕೆ ಬಂದು ನೋಡಿದರು. ಆದರೆ ಕತ್ತಲಾದ ಮೇಲೆ ಹೊಸ ಕಾಟ. ಹೊತ್ತುತ್ತದೆ, ಅರ್ಧ ನಿಮಿಷಕ್ಕೆ ಆರುತ್ತದೆ, ಮತ್ತೆ ಹೊತ್ತುತ್ತದೆ. ಸುಲಿಯುವವರು ಕತ್ತಿಯ ಮುಂದೆ ಕುಳಿತಿದ್ದಾರೆ, ಕತ್ತಲಾದಾಗಲೆಲ್ಲ ಕೈ ತಡೆಹಿಡಿಯಬೇಕಾಗಿದೆ. ವೈರಿಂಗ್ ತಪ್ಪೇ?

ನ್ಯೂಜೆರ್ಸಿ ಕನ್ನಡತಿ · 7:36

ವೈರಿಂಗ್ ಸರಿಯಿದೆ. ಸೆನ್ಸರ್ ತನ್ನದೇ ದೀಪವನ್ನು ನೋಡಿ ಬೆಳಗಾಯಿತು ಎಂದುಕೊಳ್ಳುತ್ತಿದೆ.

ಪಾಲಿಟೆಕ್ನಿಕ್ ಮೇಷ್ಟ್ರು · 7:50

ಹೌದು. ಇಂಥ ಸೆನ್ಸರ್‌ಗಳು ಬೆಳಕು ಹತ್ತಿಪ್ಪತ್ತು ಲಕ್ಸ್‌ಗೆ (ಬೆಳಕಿನ ಅಳತೆ) ಇಳಿದಾಗ ಹೊತ್ತಿಸಿ, ಅದಕ್ಕಿಂತ ಒಂದಿಷ್ಟು ಹೆಚ್ಚಾದಾಗ ಆರಿಸುತ್ತವೆ. 50 ವ್ಯಾಟ್ ಎಲ್‌ಇಡಿ ಒಂದಡಿ ದೂರದಲ್ಲಿದ್ದರೆ ಆ ಗಡಿ ಸುಲಭವಾಗಿ ದಾಟುತ್ತದೆ. ಹಳೆಯದು ಅದೇ ಜಾಗದಲ್ಲಿ ನಾಲ್ಕು ವರ್ಷ ನಡೆದದ್ದು ಅದರ ಸಂವೇದನೆ ಕಡಿಮೆ ಇದ್ದುದರಿಂದ ಇರಬಹುದು. ಇವತ್ತಿಗೆ ದೀಪದ ಕಡೆಯ ಅರ್ಧ ಗುಮ್ಮಟಕ್ಕೆ ಕಪ್ಪು ಟೇಪ್ ಹಚ್ಚಿ, ಕೆಲಸ ನಡೆಯುತ್ತದೆ. ನಾಳೆ ಸೆನ್ಸರನ್ನು ದೀಪಕ್ಕಿಂತ ಹಿಂದಕ್ಕೆ, ಬೆಳಕು ತಾಗದ ಕಡೆಗೆ ಸರಿಸಿ.

ಹಾಸನದ ವೈರ್‌ಮ್ಯಾನ್ · 7:58

ಮುಖ ಉತ್ತರಕ್ಕಿರಲಿ, ನೇರ ಬಿಸಿಲು ಬೀಳುವುದಿಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು · 8:07

ಉತ್ತರ ಎಂಬುದು ಸರಿ, ಕಾರಣಕ್ಕೆ ಒಂದು ತಿದ್ದುಪಡಿ. ದೆಹಲಿಯಲ್ಲಿ ನಡುಹಗಲ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ನಾವು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಕೆಳಗಿದ್ದೇವೆ. ತೀರ್ಥಹಳ್ಳಿಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ. ಅದರಲ್ಲಿ ಹೆಚ್ಚಿನ ದಿನಗಳು ಮಳೆಯವು, ಆದ್ದರಿಂದ ಗುಮ್ಮಟಕ್ಕೆ ಬಿಸಿಲಿನ ಪೆಟ್ಟು ಕಡಿಮೆಯೇ.

ಹಾಸನದ ವೈರ್‌ಮ್ಯಾನ್ · 8:12

ಇಪ್ಪತ್ತು ವರ್ಷದಿಂದ ಉತ್ತರಕ್ಕೆ ತಿರುಗಿಸುತ್ತಿದ್ದೇನೆ, ಇದು ಗೊತ್ತಿರಲಿಲ್ಲ.

ಅಂಗಳದ ದೀಪ · ಮಂಗಳವಾರ, ಬೆಳಿಗ್ಗೆ 7:05

ಸೋಮವಾರ ಮಧ್ಯಾಹ್ನ ಸೆನ್ಸರನ್ನು ಕಂಬದ ಉತ್ತರ ಬದಿಗೆ, ದೀಪದ ಹಿಂದಕ್ಕೆ ಸರಿಸಿದೆ. ರಾತ್ರಿ ಒಮ್ಮೆಯೂ ಮಿನುಗಲಿಲ್ಲ. ಇವತ್ತು ಬೆಳಿಗ್ಗೆ ಕಾಫಿ ಹಿಡಿದು ಜಗುಲಿಯಲ್ಲಿ ಕಾದೆ, 6:25ಕ್ಕೆ ಆರಿತು.

ಹಳೆಯದನ್ನು ಬಿಚ್ಚಿ ನೋಡಿದೆ. ರಿಲೇಯ ಎರಡು ಚುಕ್ಕೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು, ಚಾಕುವಿನ ತುದಿ ಹಾಕಿ ಎಬ್ಬಿಸಬೇಕಾಯಿತು. ಮೇಲೆ 10 ಆಂಪಿಯರ್ ಎಂದು ಬರೆದಿದೆ. 50 ವ್ಯಾಟ್ ದೀಪ ಎಳೆಯುವುದು ಕಾಲು ಆಂಪಿಯರ್‌ಗೂ ಕಡಿಮೆ. ಬೆಸೆದದ್ದು ಹೇಗೆ?

ಪಾಲಿಟೆಕ್ನಿಕ್ ಮೇಷ್ಟ್ರು · 7:40

ಎಲ್‌ಇಡಿಗೆ ಬೇಕಾದಂತೆ ವಿದ್ಯುತ್ ಹೊಂದಿಸಿಕೊಡುವ ಡ್ರೈವರ್‌ನೊಳಗೆ, ವಿದ್ಯುತ್ ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಇರುತ್ತದೆ. ಹೊತ್ತಿಸಿದ ಕ್ಷಣ ಅದು ಬರಿದಾಗಿರುತ್ತದೆ, ತುಂಬಿಕೊಳ್ಳಲು ಒಮ್ಮೆಲೇ ಎಳೆಯುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ, ಆದರೆ ಹತ್ತಾರು ಆಂಪಿಯರ್. ದಿನಕ್ಕೊಂದು ಸಲವಾದರೂ ನಾಲ್ಕು ವರ್ಷಕ್ಕೆ ಸುಮಾರು 1,460 ಸಲ ಆ ಚುಕ್ಕೆಗಳ ನಡುವೆ ಕಿಡಿ ಹಾರಿದೆ. ಕೊನೆಯ ತಿಂಗಳುಗಳಲ್ಲಿ ಹಸಿರುಗಟ್ಟಿದ ಗುಮ್ಮಟದಿಂದ ಮೋಡ ಸರಿದಾಗಲೆಲ್ಲ ಹೊತ್ತಿ ಆರಿದ್ದರೆ ಇನ್ನೂ ಹೆಚ್ಚು. ಆ 10 ಆಂಪಿಯರ್ ಸಾದಾ ಬಲ್ಬ್, ಹೀಟರ್‌ನಂಥ ಹೊರೆಗೆ ಬರೆದದ್ದು. ಮುಂದೆ ಇದೇ ಸೆನ್ಸರ್‌ಗೆ ಇನ್ನೆರಡು ದೀಪ ಸೇರಿಸುವ ಆಲೋಚನೆ ಇದ್ದರೆ ನಡುವೆ ಕಾಂಟ್ಯಾಕ್ಟರ್ ಇಡಿ, ಹೊರೆ ಅದು ಹೊರಲಿ.

ಹಾಸನದ ವೈರ್‌ಮ್ಯಾನ್ · 8:02

ಸೆನ್ಸರ್‌ನ ವೈರ್‌ಗಳು ಕೆಳಕ್ಕೆ ಇಳಿದು ಒಂದು ಬಳುಕು ತೆಗೆದುಕೊಂಡು ಪೆಟ್ಟಿಗೆಗೆ ಹೋಗುವಂತೆ ಕಟ್ಟಿದ್ದೀರಾ? ಇಲ್ಲದಿದ್ದರೆ ಮಳೆ ನೀರು ವೈರ್ ಹಿಡಿದುಕೊಂಡೇ ಒಳಗೆ ಹೋಗುತ್ತದೆ. ಪೆಟ್ಟಿಗೆಯ ತೂತಿಗೆ ಸಿಲಿಕೋನ್ ಹಚ್ಚಿ, ಇರುವೆಗಳಿಗೆ ಆ ಬೆಚ್ಚನೆಯ ಗೂಡು ಬಹಳ ಇಷ್ಟ.

ಅಮ್ಮನ ಮನೆ ಮೈಸೂರು · 8:10

ಹಳೆಯ ಸೆನ್ಸರನ್ನು ತೋಟದ ಗೊಬ್ಬರಗುಂಡಿಗೆ ಎಸೆಯಬೇಡಿ. ಅದರಲ್ಲಿ ಕ್ಯಾಡ್ಮಿಯಂ ಇದೆ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಅಂಗಳದ ದೀಪ · 8:45

ಬಳುಕು ಕೊಟ್ಟಿರಲಿಲ್ಲ, ಈಗ ಕೊಟ್ಟೆ. ಸಿಲಿಕೋನ್ ಸಂಜೆ ತರುತ್ತೇನೆ. ಹಳೆಯದನ್ನು ಡಬ್ಬಿಯಲ್ಲಿ ಹಾಕಿ ಎತ್ತಿಟ್ಟಿದ್ದೇನೆ, ಶಿವಮೊಗ್ಗಕ್ಕೆ ಹೋದಾಗ ಕೊಡುತ್ತೇನೆ.

ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಪೇಂಟ್‌ನಿಂದ ಬರೆದಿದ್ದೇನೆ: ಮನೆಯ ಕೆಂಪು ಸೆನ್ಸರ್‌ನ ಕಪ್ಪಿಗೆ, ಮನೆಯ ಕಪ್ಪು ಬಿಳಿಗೆ, ಸೆನ್ಸರ್‌ನ ಕೆಂಪು ದೀಪಕ್ಕೆ, ಯುಪಿಎಸ್ ಆರಿಸದೆ ಮುಟ್ಟಬೇಡಿ. ಮುಂದಿನ ಸಲ ಕಂಬ ಹತ್ತುವುದು ಮಗನಾಗಿರಬಹುದು.

ಸೇವಂತಿಗೆ ತೋಟ · 9:30

ಅಂಗಳದ ಅಂಚಿನಲ್ಲಿ ಸೇವಂತಿಗೆ ಇದೆಯೇ ಎಂದು ಹೇಳಲೇ ಇಲ್ಲವಲ್ಲ?

ಅಂಗಳದ ದೀಪ · 9:41

ಇದೆ. ನಾಲ್ಕು ಕುಂಡ. ಮನೆಯವಳು ಈಗಷ್ಟೇ ಕೊಟ್ಟಿಗೆಯ ಹಿಂಬದಿಗೆ ಸಾಗಿಸಿದಳು.